ದಿನಾಂಕ ಸರಿಪಡಿಸಿ

ಡೊಂಬಿವಲಿಯ ನಮ್ಮ ಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಬಳಸಲಾಗದ, ಆದರೆ ಎಸೆಯಲೂ ಮನಸ್ಸು ಬಾರದ ವಸ್ತುಗಳೆಲ್ಲ ಅದರೊಳಗೆ ಹೋಗುತ್ತವೆ: ಯಾವ ಫೋನಿನದೆಂದು ನೆನಪಿಲ್ಲದ ಚಾರ್ಜರುಗಳು, ನಿಂತ ಕೈಗಡಿಯಾರ, ಊರಿನ ಮನೆಯ ಹಳೆಯ ಬೀಗದ ಕೀಲಿ. ಹೋದ ಮಳೆಗಾಲದಲ್ಲಿ ಕಾಲೇಜಿಗೆ ಹೋಗುವ ಮಗಳು ಆ ಡಬ್ಬಿ ಇಳಿಸಿ, ಅದರಿಂದ ನನ್ನ ಡಿಜಿಟಲ್ ಕ್ಯಾಮೆರಾ ಹೊರತೆಗೆದಳು. ಈಗ ಅವಳ ವಯಸ್ಸಿನವರಿಗೆ ಹಳೆಯ ಕ್ಯಾಮೆರಾಗಳ ಹುಚ್ಚು ಹಿಡಿದಿದೆ. ಫೋನಿನ ಚಿತ್ರಗಳು ತೀರಾ ನುಣುಪಾಗಿರುತ್ತವಂತೆ, ಹಳೆಯದರ ಬಣ್ಣವೇ ಬೇರೆಯಂತೆ. "ಅಪ್ಪಾ, ಇದು ಇನ್ನೂ ನಡೀತದಾ?" ಎಂದು ಕೇಳಿದಳು. ನಡೆಯುವುದಿಲ್ಲ ಎಂದೆ. 2007ರ ಡಿಸೆಂಬರಿನಲ್ಲಿ ಕುಮಟೆಯ ಬಾಡದ ಕಡಲದಂಡೆಯಲ್ಲಿ ಮರಳಿನ ಮೇಲೆ ಬಿದ್ದು ಅದು ಬಾಯಿ ಮುಚ್ಚಿತ್ತು. ತಪ್ಪು ನನ್ನದೇ. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಮುಂದಿನ ಮೂರು ವಾರ ಆ ಕ್ಯಾಮೆರಾ ನಮಗೆ ನಾಲ್ಕು ಸಂದೇಶ ತೋರಿಸಿತು. ನಾಲ್ಕನ್ನೂ ಬಿಡಿಸುತ್ತ ಹೋದಾಗ ಡಿಜಿಟಲ್ ಕ್ಯಾಮೆರಾದ ಚರಿತ್ರೆಯ ದೊಡ್ಡ ಪಾಲೊಂದು ನನ್ನ ಕಣ್ಣಮುಂದೆ ಹಾದುಹೋಯಿತು. ಅದರ ಜೊತೆಗೆ ನಾನು ಹದಿನೆಂಟು ವರ್ಷ ಹೇಳಿಕೊಂಡು ಬಂದಿದ್ದ ಒಂದು ಮಾತೂ ಸುಳ್ಳಾಯಿತು.

ಮೊದಲ ಸಂದೇಶ ಸುಲಭದ್ದು: ಬ್ಯಾಟರಿ ಖಾಲಿ. ಅಂಗಡಿಯಿಂದ ಆಗಷ್ಟೇ ತಂದ ಎರಡು ಪೆನ್ಸಿಲ್ ಸೆಲ್ ಹಾಕಿದರೂ ಅದೇ ಮಾತು. ಇದು ಆ ಕಾಲದ ಕ್ಯಾಮೆರಾಗಳ ಸಾಮಾನ್ಯ ಗೋಳು. ಲೆನ್ಸ್ ಹೊರಬರಲು, ಪರದೆ ಬೆಳಗಲು, ಫ್ಲ್ಯಾಶ್ ತುಂಬಿಕೊಳ್ಳಲು ಕ್ಯಾಮೆರಾ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಗೋಡೆ ಗಡಿಯಾರಕ್ಕೆ ವರ್ಷಗಟ್ಟಲೆ ಸಾಕಾಗುವ ಸಾಮಾನ್ಯ ಸೆಲ್‌ನ ವೋಲ್ಟೇಜು ಆ ಎಳೆತಕ್ಕೆ ಕುಸಿಯುತ್ತದೆ, ಕ್ಯಾಮೆರಾ ಅದನ್ನು ಖಾಲಿ ಎಂದು ತಿಳಿಯುತ್ತದೆ. ಮರುಚಾರ್ಜ್ ಮಾಡುವ ನಿಕಲ್ ಸೆಲ್‌ಗಳ ಮೇಲೆ ಬರೆದಿರುವುದು 1.2 ವೋಲ್ಟ್ ಮಾತ್ರ, ಆದರೆ ಎಳೆದಾಗ ಅವು ಜಗ್ಗುವುದಿಲ್ಲ. ಅಂಥವನ್ನು ಹಾಕಿ, ಸೆಲ್ ಕೂರುವ ತಗಡಿನ ತುದಿಗಳನ್ನು ರಬ್ಬರಿನಿಂದ ಉಜ್ಜಿದ ಮೇಲೆ ಪರದೆ ಬೆಳಗಿತು.

ಕ್ಯಾಮೆರಾ ಮಾತಾಡುತ್ತದೆ ಎಂಬುದೇ ಹೊಸ ಕಾಲದ ಸಂಗತಿ. ನನ್ನ ಬಾಲ್ಯದಲ್ಲಿ ನೆಂಟರ ಮನೆಯಲ್ಲಿದ್ದ ಆಗ್ಫಾ ಕ್ಲಿಕ್ ಪೆಟ್ಟಿಗೆಗೆ ಹೇಳಲು ಏನೂ ಇರಲಿಲ್ಲ. ರೀಲು ತೊಳೆಸಿ ತಂದ ದಿನವೇ ತಪ್ಪು ಗೊತ್ತಾಗುತ್ತಿದ್ದುದು. ತಲೆ ಕತ್ತರಿಸಿಹೋದ ಅತ್ತೆ, ಒಂದರ ಮೇಲೊಂದು ಬಿದ್ದ ಎರಡು ಮದುವೆ. 1975ರ ಡಿಸೆಂಬರಿನಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾಕ್ಕೂ ಪರದೆ ಇರಲಿಲ್ಲ. ಅದರ ತೂಕ 3.6 ಕಿಲೋ. ಚಿತ್ರ 100 ಅಡ್ಡ, 100 ಉದ್ದ ಚುಕ್ಕಿಗಳದ್ದು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಚಿತ್ರ ನೋಡಬೇಕಾದರೆ ಆ ಟೇಪನ್ನು ಇನ್ನೊಂದು ಯಂತ್ರದಲ್ಲಿ ಹಾಕಿ ಟಿವಿಗೆ ಜೋಡಿಸಬೇಕು. ಅದರ ಒಳಗಣ್ಣಾದ ಸಿಸಿಡಿ ಚಿಪ್ಪನ್ನು 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ್ದರು. ಅದಕ್ಕೆ ನೊಬೆಲ್ ಬಂದದ್ದು 40 ವರ್ಷದ ಬಳಿಕ, 2009ರಲ್ಲಿ.

ಸಾಮಾನ್ಯರು ಕೊಳ್ಳುವ ಕ್ಯಾಮೆರಾದ ಬೆನ್ನಿಗೆ ಬಣ್ಣದ ಪರದೆ ಕೂಡಿಸಿದ್ದು ಕ್ಯಾಸಿಯೋ ಕಂಪನಿಯ ಕ್ಯೂವಿ-10. 1995ರಲ್ಲಿ ಅದು ಮಾರುಕಟ್ಟೆಗೆ ಬಂತು. ತೆಗೆದ ಚಿತ್ರವನ್ನು ಆಗಲೇ ನೋಡಲು ಪರದೆ ಬೇಕಿತ್ತು, ನಿಜ. ಆದರೆ ಪರದೆ ಬಂದ ಮೇಲೆ ಕ್ಯಾಮೆರಾಕ್ಕೆ ಬಾಯಿಯೂ ಬಂತು. ಯಾಕೆಂದರೆ ಅಷ್ಟರಲ್ಲಿ ಅದು ಒಳಗಿನಿಂದ ಒಂದು ಪುಟ್ಟ ಕಂಪ್ಯೂಟರ್ ಆಗಿತ್ತು. ಕಂಪ್ಯೂಟರ್ ಇದ್ದಲ್ಲಿ ದೂರುಗಳೂ ಇರುತ್ತವೆ.

ಎರಡನೆಯ ಸಂದೇಶ: 'ಸೆಟ್ ಡೇಟ್ ಅಂಡ್ ಟೈಮ್'. ದಿನಾಂಕ ಸರಿಪಡಿಸಿ. ಪರದೆಯ ಮೇಲೆ 2004ರ ಜನವರಿ 1, ರಾತ್ರಿ 12 ಗಂಟೆ ಎಂದಿತ್ತು. ಇದನ್ನು ಮಗಳು ಕ್ಷಣದಲ್ಲಿ ಸರಿಪಡಿಸಿ ಮುಂದೆ ಹೋದಳು, ನಾನೂ ಗಮನ ಕೊಡಲಿಲ್ಲ. ಆಮೇಲೆ ನಮ್ಮನ್ನು ಹಿಂದಕ್ಕೆ ಎಳೆದದ್ದು ಇದೇ. ಹಾಗಾಗಿ ಕಾರಣ ಇಲ್ಲಿಯೇ ಹೇಳಿಬಿಡುತ್ತೇನೆ. ಸೆಲ್ ಬದಲಿಸುವಾಗ ಗಡಿಯಾರ ನಿಲ್ಲಬಾರದೆಂದು ಕ್ಯಾಮೆರಾದೊಳಗೆ ಇನ್ನೊಂದು ಸಣ್ಣ ಆಸರೆ ಇರುತ್ತದೆ. ಕೆಲವದರಲ್ಲಿ ಗುಂಡಿಯಂಥ ಬ್ಯಾಟರಿ, ಕೆಲವದರಲ್ಲಿ ದೊಡ್ಡ ಸೆಲ್‌ನಿಂದ ತುಂಬಿಕೊಳ್ಳುವ ಪುಟ್ಟ ಕೋಶ. ಸೆಲ್ ತೆಗೆದಿಟ್ಟು ಬಹಳ ದಿನ ಬಿಟ್ಟರೆ ಆ ಕೋಶವೂ ಬರಿದಾಗಿ, ಗಡಿಯಾರ ತಯಾರಕರು ಬರೆದಿಟ್ಟ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಓಡತೊಡಗುತ್ತದೆ, ನಾವು ಸರಿಪಡಿಸಿದರೂ, ಸರಿಪಡಿಸದಿದ್ದರೂ.

ಮೂರನೆಯದು 'ಲೆನ್ಸ್ ಎರರ್'. ಲೆನ್ಸ್ ಅರ್ಧ ಹೊರಬಂದು, ಕಿರ್ರೆಂದು, ನಿಂತಿತು. ಮರಳು! ಆ ಕಾಲದ ಪುಟ್ಟ ಕ್ಯಾಮೆರಾಗಳಲ್ಲಿ ಲೆನ್ಸ್ ಒಂದರೊಳಗೊಂದು ಸೇರುವ ಕೊಳವೆಗಳ ಮೇಲೆ ಕೂತಿರುತ್ತದೆ. ಸಣ್ಣ ಮೋಟಾರು, ಅದಕ್ಕಿಂತ ಸಣ್ಣ ಪ್ಲಾಸ್ಟಿಕ್ ಹಲ್ಲುಗಳು. ಒಂದು ಮರಳ ಕಣ ಸಾಕು. ಲೆನ್ಸ್ ಎಲ್ಲಿರಬೇಕೋ ಅಲ್ಲಿ ಇಲ್ಲವೆಂದು ತಿಳಿದ ಕೂಡಲೇ ಕ್ಯಾಮೆರಾ ಎಲ್ಲ ಕೆಲಸ ನಿಲ್ಲಿಸುತ್ತದೆ.

ಒಂದೊಂದು ಕಂಪನಿ ಈ ದೂರುಗಳಿಗೆ ತನ್ನದೇ ಗೂಢಲಿಪಿ ಕಟ್ಟಿತ್ತು. ಕ್ಯಾನನ್‌ನ ಸಣ್ಣ ಕ್ಯಾಮೆರಾಗಳು ಲೆನ್ಸ್ ಸಿಕ್ಕಿಕೊಂಡರೆ 'ಇ18' ಎನ್ನುತ್ತಿದ್ದವು. ಆ ಸಂಖ್ಯೆ ಎಷ್ಟು ಕುಖ್ಯಾತವಾಯಿತೆಂದರೆ ಅಮೆರಿಕದ ಗ್ರಾಹಕರು ಅದರ ಮೇಲೆ ಮೊಕದ್ದಮೆಯನ್ನೇ ಹೂಡಿದರು. ಅದೇ ಕಂಪನಿಯ ದೊಡ್ಡ ಕ್ಯಾಮೆರಾಗಳಲ್ಲಿ 'ಎರರ್ 01' ಬಂದರೆ ಲೆನ್ಸ್ ಮತ್ತು ಕ್ಯಾಮೆರಾದ ನಡುವಣ ಲೋಹದ ಬಿಂದುಗಳನ್ನು ಒರೆಸಬೇಕು. 'ಎರರ್ 99' ಬಂದರೆ ಮಾತ್ರ ದೇವರೇ ಗತಿ. ಬೇರೆ ಯಾವ ಸಂಖ್ಯೆಯಲ್ಲೂ ಸೇರದ ಕಾಯಿಲೆಗಳೆಲ್ಲ ಅದರಲ್ಲಿದ್ದವು. ಸೋನಿಯವರದ್ದು ರೈಲು ಟಿಕೆಟ್ಟಿನ ಸಂಖ್ಯೆಯಂತೆ 'ಸಿ:32:01'. ನಿಕಾನ್ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಹಾಕಿ ಅದರ ಉಂಗುರವನ್ನು ಕಡೆಯ ಅಂಕಿಗೆ ತಿರುಗಿಸದಿದ್ದರೆ ಪರದೆಯಲ್ಲಿ 'ಎಫ್‌ಇಇ' ಎಂದು ಕಾಣುತ್ತಿತ್ತು. ಇದು ಯಾವ ಫೀ ಕೇಳುತ್ತಿದೆ ಎಂದು ಗಾಬರಿಯಾದವರನ್ನು ನಾನು ಬಲ್ಲೆ.

ನನ್ನ ಕ್ಯಾಮೆರಾದಲ್ಲಿ ಕಾಣದಿದ್ದರೂ ಇಲ್ಲಿ ಬಿಡಲಾಗದ ಇನ್ನೊಂದು ದೋಷವಿದೆ, ಯಾಕೆಂದರೆ ಅದು ನಮ್ಮಂಥ ಕಡಲ ಕರೆಯವರಿಗೆ ಸಂಬಂಧಪಟ್ಟದ್ದು. 2005ರ ಕೊನೆಯ ತಿಂಗಳುಗಳಲ್ಲಿ ಸೋನಿ, ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್, ಕೊನಿಕಾ ಮಿನೋಲ್ಟಾ ಮುಂತಾದ ಕಂಪನಿಗಳು ಒಂದರ ಹಿಂದೊಂದು ಒಂದೇ ಬಗೆಯ ಪ್ರಕಟಣೆ ಹೊರಡಿಸಿದವು. ತಮ್ಮ ಕೆಲವು ಕ್ಯಾಮೆರಾಗಳಲ್ಲಿ ಚಿತ್ರ ನೇರಳೆ ಬಣ್ಣಕ್ಕೆ ತಿರುಗಬಹುದು, ಸೊಟ್ಟಗಾಗಬಹುದು, ಅಥವಾ ಬರಿಗಪ್ಪಾಗಬಹುದು. ಪೈಪೋಟಿಯ ಕಂಪನಿಗಳಿಗೆಲ್ಲ ಒಂದೇ ರೋಗ ಬಂದದ್ದು ಹೇಗೆ? ಹೊರಗಿನ ಹೆಸರು ಬೇರೆಯಾದರೂ ಒಳಗಣ್ಣು ಒಂದೇ ಕಡೆಯಿಂದ, ಸೋನಿಯ ಕಾರ್ಖಾನೆಯಿಂದ, ಬಂದಿತ್ತು. ಚಿಪ್ಪಿನೊಳಗಿನ ಕೂದಲಿಗಿಂತ ತೆಳ್ಳಗಿನ ತಂತಿಗಳ ಬೆಸುಗೆ ಬಿಟ್ಟುಹೋಗುತ್ತಿತ್ತು. ಬಿಸಿ ಮತ್ತು ತೇವದ ಹವೆಯಲ್ಲಿ ಅದು ಬೇಗ ಬಿಡುತ್ತಿತ್ತು. ಬಿಸಿ ಮತ್ತು ತೇವ ಎಂದರೆ ಮುಂಬಯಿ, ಚೆನ್ನೈ, ಮಂಗಳೂರು. ಜೂನ್ ತಿಂಗಳಲ್ಲಿ ನಮ್ಮ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಸುವ ಹವೆಯೇ. ಕಂಪನಿಗಳು ಅಂಥ ಕ್ಯಾಮೆರಾಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಕೊಟ್ಟವು.

ನಮ್ಮ ಮರಳಿಗೆ ಬರೋಣ. ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆ. ಕನ್ನಡಕದ ಮೇಲಿಂದ ನೋಡಿ, "ಇದರ ಭಾಗ ಸಿಗುವುದಿಲ್ಲ, ಮಾಡಿದವರೇ ಮರೆತಿದ್ದಾರೆ" ಎಂದು ಹಿಂದಿಯಲ್ಲಿ ಹೇಳಿ ಕೈಗೆ ಕೊಟ್ಟರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಮೀರಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 2020ರಲ್ಲಿ 90 ಲಕ್ಷವನ್ನೂ ಮುಟ್ಟಲಿಲ್ಲ. ಫೋನು ನುಂಗಿತು. ಕೊನಿಕಾ ಮಿನೋಲ್ಟಾ 2006ರಲ್ಲೇ ಕ್ಯಾಮೆರಾ ಕೆಲಸ ಬಿಟ್ಟಿತ್ತು. ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಮಗಳು ಬಿಡಲಿಲ್ಲ. ಲೆನ್ಸ್ ಕೆಳಮುಖವಾಗಿ ಹಿಡಿದು, ರಬ್ಬರ್ ಬುರುಡೆಯಿಂದ ಗಾಳಿ ಊದಿ, ಕೊಳವೆಗಳ ನಡುವಿನ ಸಂದಿಗೆ ತೆಳ್ಳಗಿನ ಕಾಗದದ ಪಟ್ಟಿ ತೂರಿಸಿ ಸುತ್ತಲೂ ಸರಿಸಿದಳು. ಮೂರನೆಯ ದಿನ ಪತ್ರಿಕೆಯ ಮೇಲೆ ನಾಲ್ಕೈದು ಕಣ ಮರಳು ಉದುರಿತು. ಬಾಡದ ಮರಳು ಡೊಂಬಿವಲಿಯ ಊಟದ ಮೇಜಿನ ಮೇಲೆ. ಲೆನ್ಸ್ ಪೂರ್ತಿ ಹೊರಬಂತು.

ಆಗ ನಾಲ್ಕನೆಯ ಸಂದೇಶ ಬಂತು. 'ಕಾರ್ಡ್ ಎರರ್. ಫಾರ್ಮ್ಯಾಟ್ ಮಾಡಬೇಕೆ?' ಕೆಳಗೆ ಹೌದು, ಇಲ್ಲ. ಮಗಳ ಹೆಬ್ಬೆರಳು 'ಹೌದು' ಮೇಲಿತ್ತು. ನಾನು ಕೂಗಿದೆ.

ಕೂಗಿದ್ದಕ್ಕೆ ಕಾರಣ ಹೇಳಬೇಕು. ನಮ್ಮ ಹಾಲಿನಲ್ಲಿ ಅಪ್ಪಯ್ಯನ ಒಂದು ಫೋಟೋ ಇದೆ. ಊರ ಮನೆಯ ಜಗಲಿ, ಒದ್ದೆ ತಲೆ, ಹೆಗಲ ಮೇಲೆ ಟವೆಲ್, ನಗುತ್ತ ಏನನ್ನೋ ಹೇಳಲು ಬಾಯಿ ತೆರೆದಿದ್ದಾರೆ. 2007ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಇಲ್ಲಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದು. ಮನೆಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದೆ: ಇದು ಕೊನೆಯ ದೀಪಾವಳಿಯದ್ದು, ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ಬಂದಾಗ ನಾನೇ ತೆಗೆದೆ. ಚಿತ್ರದ ಪ್ರತಿ ಇದ್ದ ಕಂಪ್ಯೂಟರು 2010ರಲ್ಲಿ ಕೆಟ್ಟುಹೋಯಿತು. ಮೂಲ ಇನ್ನೆಲ್ಲಾದರೂ ಇದ್ದರೆ ಅದು ಈ 256 ಎಂಬಿಯ ಕಾರ್ಡಿನಲ್ಲಿ.

ಕಾರ್ಡ್ ಎರರ್ ಎಂದರೆ ಚಿತ್ರ ಹೋಯಿತು ಎಂದಲ್ಲ. ಎಷ್ಟೋ ಸಲ ಹಾಳಾಗುವುದು ಚಿತ್ರವಲ್ಲ, ಚಿತ್ರ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿ. ಕ್ಯಾಮೆರಾಗಳ ಕಾರ್ಡಿನಲ್ಲಿ ಈ ಪಟ್ಟಿ ಬರೆಯುವ ಕ್ರಮಕ್ಕೆ ಫ್ಯಾಟ್ ಎಂದು ಹೆಸರು. ಅದು 1977ರ ಸುಮಾರಿಗೆ ಮೈಕ್ರೋಸಾಫ್ಟಿನಲ್ಲಿ ಫ್ಲಾಪಿಗಳಿಗಾಗಿ ಹುಟ್ಟಿದ್ದು. ಅದರ ಪಂಚಾಂಗ 1980ರ ಜನವರಿ 1ರಂದು ಶುರುವಾಗುತ್ತದೆ. ಕೆಲವು ಫೈಲುಗಳು 1980ರಲ್ಲಿ ಹುಟ್ಟಿದವೆಂದು ತೋರಿಸಿಕೊಳ್ಳುವುದು ಅದಕ್ಕೇ. ಹಳೆಯ ಕ್ಯಾಮೆರಾಕ್ಕೆ ಹೊಸ ದೊಡ್ಡ ಕಾರ್ಡು ಹಾಕಿದಾಗಲೂ ಇದೇ ದೂರು ಬರುವುದುಂಟು: ಮೊದಲ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ, 2006ರಲ್ಲಿ ಬಂದ ಎಸ್‌ಡಿಎಚ್‌ಸಿಯದ್ದು 32 ಜಿಬಿ. ಹಿಂದಿನ ಕ್ಯಾಮೆರಾಕ್ಕೆ ಮುಂದಿನ ಕಾರ್ಡಿನ ಭಾಷೆ ಬಾರದು. ನಮ್ಮದು ಹಳೆಯ ಕಾರ್ಡೇ, ಹಾಗಾಗಿ ಕೆಟ್ಟದ್ದು ಪಟ್ಟಿಯೇ ಇರಬೇಕು. ಫೈಲನ್ನು ಅಳಿಸಿದಾಗಲೂ ಫ್ಯಾಟ್ ಮಾಡುವುದು ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರಕ್ಕೆ ಕಾಟು ಹೊಡೆದು, ಈ ಜಾಗ ಖಾಲಿ ಎಂದು ಗುರುತಿಡುವುದಷ್ಟೇ. ಮೇಲೆ ಬೇರೇನಾದರೂ ಬರೆಯುವ ತನಕ ಒಳಗಿನದು ಅಲ್ಲಿಯೇ ಇರುತ್ತದೆ.

ಆದ್ದರಿಂದ ಇಂಥ ಸಂದೇಶ ಬಂದರೆ ಮಾಡಬೇಕಾದ್ದು ಇಷ್ಟು: 'ಇಲ್ಲ' ಒತ್ತಿ, ಕಾರ್ಡ್ ಹೊರತೆಗೆಯಿರಿ. ಅದರಲ್ಲಿ ಮತ್ತೆ ಒಂದು ಚಿತ್ರವನ್ನೂ ತೆಗೆಯಬೇಡಿ. ಕಾರ್ಡಿನ ಪಕ್ಕದಲ್ಲಿ ಬರೆಯದಂತೆ ತಡೆಯುವ ಪುಟ್ಟ ಬೀಗವಿದ್ದರೆ ಹಾಕಿ. ಕಂಪ್ಯೂಟರು ಕೂಡ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಅದಕ್ಕೂ ಬೇಡವೆನ್ನಿ. ಇಡೀ ಕಾರ್ಡಿನ ನಕಲು ಮಾಡಿಕೊಂಡು ನಕಲಿನ ಮೇಲೆ ಕೆಲಸ ಮಾಡಿ. ಫೋಟೋರೆಕ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಅದು ಪಟ್ಟಿಯನ್ನು ನೋಡುವುದೇ ಇಲ್ಲ. ಜೆಪೆಗ್ ಚಿತ್ರದ ಆರಂಭದಲ್ಲಿ ಯಾವಾಗಲೂ ಇರುವ ಗುರುತನ್ನು ಹುಡುಕುತ್ತ ಕಾರ್ಡಿನ ಮೂಲೆ ಮೂಲೆ ಜಾಲಾಡಿ ಚಿತ್ರಗಳನ್ನು ಎತ್ತಿ ತರುತ್ತದೆ. ಒಂದೇ ತೊಡಕು: ಪಟ್ಟಿ ಇಲ್ಲದ ಮೇಲೆ ಹೆಸರುಗಳೂ ಇಲ್ಲ. ಚಿತ್ರ ಕಾರ್ಡಿನ ಯಾವ ಜಾಗದಲ್ಲಿ ಸಿಕ್ಕಿತೋ ಆ ಸಂಖ್ಯೆಯನ್ನೇ ಅದು ಹೆಸರಾಗಿ ಇಡುತ್ತದೆ.

ನಮಗೆ 61 ಚಿತ್ರ ಸಿಕ್ಕವು. ಕೆಲವದರ ಕೆಳಗರ್ಧ ಬೂದುಬಣ್ಣ. ಅಪ್ಪಯ್ಯ ಪೂರ್ತಿಯಾಗಿ ಬಂದರು. ಅದಕ್ಕಿಂತ ಹೆಚ್ಚೂ ಬಂದರು. ಸ್ಟುಡಿಯೋದವರು ಚೌಕಟ್ಟಿಗೆ ಹೊಂದಿಸಲು ಎಡಭಾಗವನ್ನು ಕತ್ತರಿಸಿದ್ದರು. ಮೂಲದಲ್ಲಿ ಅಲ್ಲೊಂದು ತೆರೆದ ಬಾಗಿಲು ಇದೆ. ಬಾಗಿಲಾಚೆ ನಡುಮನೆಯಲ್ಲಿ ಮೇಲಿನಿಂದ ಇಳಿಬಿಟ್ಟ ಸೌತೆಕಾಯಿ, ಹಾಗಲಕಾಯಿ, ಸಿಂಗಾರ.

ಫಲಾವಳಿ. ನಮ್ಮ ಕಡೆ ಗಣಪತಿಯ ಮೇಲೆ ಕಟ್ಟುವುದು. ಅದು ಚೌತಿಯದು, ದೀಪಾವಳಿಯದಲ್ಲ.

ನಾನು ಒಪ್ಪಲಿಲ್ಲ. ಚಿತ್ರದೊಳಗೇ ದಿನಾಂಕ ಇರುತ್ತದೆ, ನೋಡು ಎಂದು ಮಗಳಿಗೆ ಹೇಳಿದೆ. 1995ರಲ್ಲಿ ಜಪಾನಿನ ಕೈಗಾರಿಕಾ ಸಂಘವೊಂದು ಎಕ್ಸಿಫ್ ಎಂಬ ಕ್ರಮ ರೂಪಿಸಿತು. ಯಾವ ಕ್ಯಾಮೆರಾ, ಯಾವ ಹೊತ್ತು, ಎಷ್ಟು ಬೆಳಕು ಎಂಬುದೆಲ್ಲ ಚಿತ್ರದ ಒಳಗೇ ಬರೆದಿರುತ್ತದೆ, ಹೆಸರು ಹೋದರೂ ಅದು ಉಳಿಯುತ್ತದೆ. ನೋಡಿದೆವು. 2004ರ ಜನವರಿ 3, ಮಧ್ಯಾಹ್ನ 3:30. ಎಳೆಬಿಸಿಲಿನ ಜಗಲಿಗೆ ಮಧ್ಯಾಹ್ನದ ಗಂಟೆ. ಇತಿಹಾಸದ ಪಾಠದಲ್ಲಿ ಕೂಟಶಾಸನ ಎಂದು ಓದಿದ್ದೆ, ಸುಳ್ಳು ತೇದಿ ಹೊತ್ತ ತಾಮ್ರಪಟ. ಇದು ನನ್ನದೇ ಕೂಟಶಾಸನ. ಮಳೆಗಾಲದಲ್ಲಿ ಸೆಲ್ ತೆಗೆದಿಟ್ಟಿದ್ದೆ, ಪ್ರಯಾಣದಲ್ಲಿ ಹೊಸತು ಹಾಕಿ, 'ದಿನಾಂಕ ಸರಿಪಡಿಸಿ' ಎಂದು ಕೇಳಿದಾಗ ಆಮೇಲೆ ನೋಡೋಣ ಎಂದು ಮುಂದೊತ್ತಿದ್ದೆ.

ಆದರೆ ತಪ್ಪು ಗಡಿಯಾರವೂ ನಡುವಿನ ಅಂತರವನ್ನು ಸರಿಯಾಗಿಯೇ ಅಳೆಯುತ್ತದೆ. ಇದು ಮಗಳಿಗೆ ಹೊಳೆಯಿತು. ಸಾಲಿನಲ್ಲಿ ಯಾವುದಾದರೂ ಒಂದು ಚಿತ್ರದ ನಿಜವಾದ ಹೊತ್ತು ಗೊತ್ತಾದರೆ ಉಳಿದವೆಲ್ಲ ತಾವಾಗಿ ಸರಿಹೋಗುತ್ತವೆ. ಜನವರಿ 1ರ ಬೆಳಗಿನ ಜಾವ 1 ಗಂಟೆಯದೆಂದು ಹೇಳಿಕೊಳ್ಳುವ ಒಂದು ಚಿತ್ರದಲ್ಲಿ ರೈಲಿನ ಕಿಟಕಿಯಾಚೆ ಪನವೇಲಿನ ಪ್ಲಾಟ್‌ಫಾರ್ಮು, ಅಲ್ಲಿನ ಗಡಿಯಾರದಲ್ಲಿ ಸಂಜೆ 4:30. ಮತ್ಸ್ಯಗಂಧದಲ್ಲಿ ಕೂತ ಕೂಡಲೇ ಹೊಸ ಸೆಲ್ ಪರೀಕ್ಷಿಸಲು ತೆಗೆದದ್ದು. ಜನವರಿ 2ರ ರಾತ್ರಿ 8ರದೆಂಬ ಚಿತ್ರದಲ್ಲಿ ಹಗಲು ಬೆಳಕಿನ ಗಣಪತಿ ಪೂಜೆ. 15 ಗಂಟೆ 30 ನಿಮಿಷ ಕೂಡಿಸಿದರೆ ಅದು ಮರುದಿನ ಬೆಳಿಗ್ಗೆ 11:30, ಸರಿಯಾಗಿ ಪೂಜೆಯ ಹೊತ್ತು. ಅಲ್ಲೇ ಪಕ್ಕದಲ್ಲಿ ತಂಗಿಯ ತೊಡೆಯ ಮೇಲೆ ಕೆಲವೇ ತಿಂಗಳ ಕೂಸು. ಅವಳ ಮಗ ಹುಟ್ಟಿದ್ದು 2006ರ ಮಾರ್ಚಿನಲ್ಲಿ. ಮುಂದಿನ ಚೌತಿಗೆ ಅಪ್ಪಯ್ಯ ಇರಲಿಲ್ಲ. ಹಾಗಾದರೆ ಇದು 2006ರ ಚೌತಿಯೇ, ಆಗಸ್ಟ್ 27, ಭಾನುವಾರ. ಅಪ್ಪಯ್ಯನ ಚಿತ್ರ ಅದಕ್ಕೆ ಹತ್ತೊಂಬತ್ತೂವರೆ ಗಂಟೆ ನಂತರ: ಆಗಸ್ಟ್ 28, ಸೋಮವಾರ, ಬೆಳಿಗ್ಗೆ 7. ತಲೆ ಒದ್ದೆಯಾದದ್ದು ಎಣ್ಣೆಸ್ನಾನದಿಂದಲ್ಲ, ಮಳೆಯಿಂದ. ಅಂಗಳದ ತುಂಬ ನೀರು ನಿಂತದ್ದು ಆ ಬಿಸಿಲಿನಲ್ಲಿ ಹೊಳೆಯುತ್ತಿದೆ. ಹದಿನೆಂಟು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ.

ಹಾಗಾದರೆ ದೀಪಾವಳಿಯ ಚಿತ್ರಗಳು? ಚೌತಿಯ ಸಾಲು ಮುಗಿದ ಮೇಲೆ ಕಾರ್ಡಿನಲ್ಲಿ ಒಂದೂ ಇಲ್ಲ. ಮುಂದಿನವು ನೇರ 2007ರ ಫೆಬ್ರವರಿಯವು, ಸರಿಯಾದ ದಿನಾಂಕದೊಂದಿಗೆ. ಆಗ ನಾನು ದಿನಾಂಕ ಸರಿಪಡಿಸಿದ್ದೆ.

ಆಯಿಗೆ ಫೋನು ಮಾಡಿದೆ. ಅವಳು ಯೋಚಿಸಲೂ ಇಲ್ಲ. "ಆ ವರ್ಷ ದೀಪಾವಳಿಗೆ ನೀನೆಲ್ಲಿ ಬಂದೆ? ರಜೆ ಇಲ್ಲ ಅಂದೆ. ನಿನ್ನ ಅಪ್ಪಯ್ಯ ಹಂಡೆಗೆ ನೀರು ತುಂಬಿಟ್ಟು, ಬಂದರೂ ಬಂದಾನು ಅಂತ ಕೂತಿದ್ರು." ಇದನ್ನು ಅವಳು ನನಗೆ ಮೊದಲು ಯಾಕೆ ಹೇಳಿರಲಿಲ್ಲ ಎಂದು ಕೇಳಲಿಲ್ಲ. ನಾನು ಬಂದವರೆದುರು ಆ ಫೋಟೋದ ಕತೆ ಹೇಳುವಾಗ ಒಂದೆರಡು ಸಲ ಅವಳೂ ಇದ್ದಳು. ಸುಮ್ಮನಿದ್ದಳು.

ರಜೆ ಇರಲಿಲ್ಲವೆಂಬುದು ಕೂಡ ಪೂರ್ತಿ ನಿಜವಲ್ಲ. ಆ ಅಕ್ಟೋಬರಿನಲ್ಲಿ ಕಚೇರಿಯಲ್ಲಿ ಕೆಲಸದ ಒತ್ತಡವಿತ್ತು, ಆದರೆ ಕೇಳಿದ್ದರೆ ಎರಡು ದಿನ ಸಿಗುತ್ತಿತ್ತು. ಚೌತಿಗೆ ಹೋಗಿಬಂದಾಗಿದೆಯಲ್ಲ ಎಂದುಕೊಂಡೆ. ಊರು ಬಿಟ್ಟು ಬಂದವರು ಹಬ್ಬಗಳನ್ನು ಹೀಗೆ ಹಂಚಿಕೊಳ್ಳುತ್ತೇವೆ: ಒಂದಕ್ಕೆ ಹೋದರೆ ಇನ್ನೊಂದು ಮಾಫಿ. ಆಮೇಲೆ ಯಾವಾಗಲೋ ಆ ಒದ್ದೆ ತಲೆ ನನಗೆ ಎಣ್ಣೆಸ್ನಾನವಾಗಿ ಕಾಣತೊಡಗಿತು. ಬೇಕೆಂದು ಸುಳ್ಳು ಹೇಳಿದ ನೆನಪಿಲ್ಲ. ಗಡಿಯಾರ ನಿಂತ ಕ್ಯಾಮೆರಾ ತನಗೆ ಗೊತ್ತಿರುವ ಒಂದು ದಿನಕ್ಕೆ ಹೋಗಿ ಅಲ್ಲಿಂದ ಓಡಿದಂತೆ ನಾನೂ ಓಡಿದ್ದೆ.

ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಮಗಳು ಆ ಸಾಲಿನ ಚಿತ್ರಗಳನ್ನೆಲ್ಲ ಒಮ್ಮೆಲೇ 967 ದಿನ, 15 ಗಂಟೆ, 30 ನಿಮಿಷ ಮುಂದಕ್ಕೆ ಸರಿಸಿದಳು. ಮೂಲ ಫೈಲುಗಳನ್ನು ಹಾಗೆಯೇ ಇನ್ನೊಂದು ಕಡೆ ಇಡಲು ಹೇಳಿದೆ. ತಪ್ಪು ತೇದಿಯೂ ಒಂದು ದಾಖಲೆ. ಕ್ಯಾಮೆರಾ ಈಗ ಅವಳದ್ದು, ಕಾಲೇಜಿಗೆ ಒಯ್ಯುತ್ತಾಳೆ. ಹೊಸ ಕಾರ್ಡು ಹಾಕಿಕೊಟ್ಟಿದ್ದೇನೆ, 2 ಜಿಬಿಯದ್ದು. ಸೆಲ್ ಬದಲಿಸಿದಾಗಲೆಲ್ಲ ದಿನಾಂಕ ನೋಡಿಕೋ ಎಂದಿದ್ದೇನೆ.

ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿಸಿದೆ, ಈ ಸಲ ಕತ್ತರಿಸದೆ, ಬಾಗಿಲು ಮತ್ತು ಫಲಾವಳಿ ಸಹಿತ. ಹಿಂಬದಿಯ ರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದೆ: 28 ಆಗಸ್ಟ್ 2006, ಚೌತಿಯ ಮರುದಿನ, ಬೆಳಿಗ್ಗೆ 7. ಹೋದ ವಾರ ಮನೆಗೆ ಬಂದ ಗೆಳೆಯರೊಬ್ಬರು ಅದರೆದುರು ನಿಂತು, "ಇದು ದೀಪಾವಳಿಯದ್ದಲ್ಲವೇ?" ಎಂದರು. ಅಲ್ಲ, ದೀಪಾವಳಿಗೆ ನಾನು ಹೋಗಿರಲಿಲ್ಲ ಎಂದೆ.